ಮಿಸ್‌ಗೆ ಏನು ಕೊಡೋದು: ಚಟ್ನಿ ಪುಡಿಯೋ, ಉಂಡೆಯೋ, ಬಟ್ಟೆ ಚೀಲವೋ?

ಎರಡು ವರ್ಷದ ಹಿಂದೆ ಶಿಕ್ಷಕರ ದಿನಾಚರಣೆ ಮುಗಿಸಿಕೊಂಡು ನನ್ನ ನಾದಿನಿ ಹರಿಹರದಿಂದ ಸೀದಾ ನಮ್ಮ ಮನೆಗೆ ಬಂದಳು. ಅವಳು ಅಲ್ಲಿನ ಒಂದು ಶಾಲೆಯಲ್ಲಿ ಎಲ್‌ಕೆಜಿ ಮಿಸ್. ಎರಡು ಕೈಯಲ್ಲೂ ಚೀಲ. ಬಂದವಳೇ ಎರಡನ್ನೂ ಮಂಚದ ಮೇಲೆ ಸುರಿದಳು. ಐಸ್‌ಕ್ರೀಂ ಕಡ್ಡಿಯ ಪೆನ್ ಸ್ಟ್ಯಾಂಡ್ 7. 'ಬೆಸ್ಟ್ ಟೀಚರ್' ಅಂತ ಬರೆದ ಕಪ್ಪು 4. ಸ್ವೀಟ್ ಡಬ್ಬಿ 9. ಮಿಂಚು ಹಚ್ಚಿದ ಕಾರ್ಡುಗಳಿಗೆ ಲೆಕ್ಕವಿಲ್ಲ. ಒಂದು ಡಬ್ಬಿಯ ತಳದಿಂದ ಪಾಕ ಸೋರಿ ಕಾರ್ಡುಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು.

"ಅತ್ತಿಗೆ, ನನ್ನತ್ರ ಇರಾದೇ ಎರಡು ಪೆನ್ನು. ಏಳು ಸ್ಟ್ಯಾಂಡ್ ಇಟ್ಕಂಡು ಏನ್ ಮಾಡ್ಲಿ ಹೇಳ್ರಿ?" ಅಂದಳು.

ನಗುತ್ತಲೇ ಅಂದದ್ದು. ಆದರೆ ನನಗೆ ಚುರುಕ್ ಅಂತು. ಅವತ್ತು ಬೆಳಿಗ್ಗೆಯೇ ಅಂಥದ್ದೇ ಒಂದು ಪೆನ್ ಸ್ಟ್ಯಾಂಡನ್ನು ಇಲ್ಲಿ ದಾವಣಗೆರೆಯಲ್ಲಿ ನನ್ನ ಮಗಳ ಕೈಗೆ ಕೊಟ್ಟು ಶಾಲೆಗೆ ಕಳಿಸಿದ್ದೆ. ಹಿಂದಿನ ರಾತ್ರಿ ಹನ್ನೊಂದರವರೆಗೆ ನಾನೇ ಕೂತು ಅಂಟಿಸಿದ್ದು. ಮಗಳು ಆಗಲೇ ನಿದ್ದೆ ಹೋಗಿದ್ದಳು.

ಅಲ್ಲಿಂದೀಚೆಗೆ ಮನೆಯಲ್ಲಿ ಮಾಡಿ ಕೊಡುವ ಉಡುಗೊರೆಗಳನ್ನು ಒಂದೊಂದಾಗಿ ಮಾಡಿ ನೋಡಿದ್ದೇನೆ. ಕೆಲವು ಚೆನ್ನಾಗಿ ಬಂದವು, ಕೆಲವು ಕೆಟ್ಟವು. ಯಾವುದು ಯಾರಿಗೆ, ಯಾವಾಗ ಸರಿ ಅನ್ನೋದನ್ನು ನನ್ನ ಅನುಭವದ ಮಟ್ಟಿಗೆ ಹೇಳುತ್ತೇನೆ.

ಆರಿಸುವ ಮೊದಲು

ನಾನು ನೋಡುವುದು ಮೂರೇ ವಿಷಯ. ಎಷ್ಟು ದಿನ ಕೆಡದೆ ಇರುತ್ತದೆ? ಮಿಸ್ ಮನೆಯಲ್ಲಿ ಬಳಕೆಗೆ ಬರುತ್ತದಾ, ಇಲ್ಲಾ ಅಟ್ಟ ಸೇರುತ್ತದಾ? ಅದರಲ್ಲಿ ಮಗುವಿನ ಕೈ ಎಲ್ಲಿದೆ? ಮೂರನೆಯದಕ್ಕೆ ನಾನು ಜಾಸ್ತಿ ತೂಕ ಕೊಡುತ್ತೇನೆ. ನಾವೇ ಎಲ್ಲ ಮಾಡಿ, ಮಗು ಬರೀ ಹೊತ್ತುಕೊಂಡು ಹೋಗೋದಾದರೆ ಪೇಟೆಯಿಂದ ತಂದು ಕೊಟ್ಟರೂ ಅಷ್ಟೇ ಅಲ್ವಾ?

ಶಿಕ್ಷಕರ ದಿನ ಯಾರ ಹುಟ್ಟುಹಬ್ಬವೋ ಆ ರಾಧಾಕೃಷ್ಣನ್ ಅವರೂ ನಮ್ಮ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದವರು. 1921ರಲ್ಲಿ ಕಲ್ಕತ್ತೆಗೆ ಹೊರಟು ನಿಂತಾಗ ಹುಡುಗರು ಅವರನ್ನು ಹೂವಿನ ಅಲಂಕಾರ ಮಾಡಿದ ಗಾಡಿಯಲ್ಲಿ ಕೂರಿಸಿ, ಕುದುರೆಯ ಬದಲು ತಾವೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರಂತೆ. ಹೂವಿನ ಕಾಸು ಬಿಟ್ಟರೆ ಮಿಕ್ಕಿದ್ದೆಲ್ಲ ಅವರ ರಟ್ಟೆಯದೇ. ನಾಲ್ಕು ವರ್ಷದ ಮಗುವಿನ ರಟ್ಟೆಗೆ ತಕ್ಕ ಕೆಲಸ ಯಾವುದು ಅಂತ ಹುಡುಕೋದೇ ಇಲ್ಲಿ ನಮ್ಮ ಕೆಲಸ.

ಇನ್ನೊಂದು ಮಾತು. ಸರ್ಕಾರಿ ಶಾಲೆಯ ಮೇಷ್ಟ್ರು, ಮೇಡಂಗಳಿಗೆ ಬೆಲೆಬಾಳುವ ಉಡುಗೊರೆ ತೆಗೆದುಕೊಳ್ಳಲು ನಡತೆ ನಿಯಮಗಳ ಅಡ್ಡಿ ಇದೆ. ಕೆಲವು ಖಾಸಗಿ ಶಾಲೆಗಳೂ ಏನೂ ತರಬೇಡಿ ಅಂತ ಡೈರಿಯಲ್ಲೇ ಬರೆದು ಕಳಿಸುತ್ತವೆ. ಅಂಥ ಕಡೆ ಕಾಗದವೊಂದೇ ದಾರಿ. ಅದರ ವಿಷಯ ಆಮೇಲೆ ಹೇಳುತ್ತೇನೆ.

ಚಟ್ನಿ ಪುಡಿ

ನನ್ನ ಓಟು ಇದಕ್ಕೇ. ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಬೆಳಿಗ್ಗೆ ಎಂಟಕ್ಕೆ ಮನೆ ಬಿಡುವ ಮಿಸ್‌ಗೆ ತಿಂಡಿ, ಡಬ್ಬಿ ಎರಡೂ ಅವಸರದ ಕೆಲಸ. ರೊಟ್ಟಿ, ಚಪಾತಿ, ದೋಸೆ, ಬಿಸಿ ಅನ್ನ, ಯಾವುದಕ್ಕೂ ಪುಡಿ ಇದ್ದರೆ ಒಂದು ಪಲ್ಯ ಉಳಿಯಿತು. ಸಕ್ಕರೆ ಕಾಯಿಲೆ ಇದ್ದವರೂ ತಿನ್ನಬಹುದು. ಅವರಿಗೆ ಕೊಡುವುದಾದರೆ ಬೆಲ್ಲ ಬಿಡಿ, ಅಷ್ಟೇ.

ನಮ್ಮ ಕಡೆ ಶೇಂಗಾಕ್ಕೆ ಬರವಿಲ್ಲ. ನಮ್ಮತ್ತೆ ಚಳ್ಳಕೆರೆಯವರು. ಎಣ್ಣೆ ಗಿರಣಿಗಳ ಊರು ಅದು. ಶೇಂಗಾ ವಿಷಯದಲ್ಲಿ ಅವರ ಮಾತೇ ಕೊನೆ. ಅರ್ಧ ಕೆಜಿ ಶೇಂಗಾಕ್ಕೆ 15ರಿಂದ 20 ಬ್ಯಾಡಗಿ ಮೆಣಸಿನಕಾಯಿ, ಒಂದು ಚಮಚ ಜೀರಿಗೆ, ಒಂದು ಹಿಡಿ ಕರಿಬೇವು, ಗೋಲಿ ಗಾತ್ರದ ಹುಣಸೆಹಣ್ಣು, ಚೂರು ಬೆಲ್ಲ, ಉಪ್ಪು. ಇಷ್ಟರಲ್ಲಿ 200 ಗ್ರಾಂ ಹಿಡಿಯುವ ಬಾಟಲಿ ಹತ್ತಿರ ಹತ್ತಿರ ಮೂರು ತುಂಬುತ್ತವೆ. ಬ್ಯಾಡಗಿ ಹಾಕಿದರೆ ಬಣ್ಣ ಬರುತ್ತದೆ, ಖಾರ ಮಿತಿಯಲ್ಲಿರುತ್ತದೆ.

ಶೇಂಗಾ ಹುರಿಯೋದು ಸಣ್ಣ ಉರಿಯಲ್ಲಿ. ಉರಿ ದೊಡ್ಡದು ಮಾಡಿದರೆ ಹೊರಗೆ ಸೀದು, ಒಳಗೆ ಹಸಿ ಉಳಿಯುತ್ತದೆ. ಪೂರ್ತಿ ಆರಿದ ಮೇಲೆ ಮೊರಕ್ಕೆ ಸುರಿಯಿರಿ. ಈಗ ಮಗುವನ್ನು ಕರೆಯಿರಿ. ಎರಡೂ ಅಂಗೈ ನಡುವೆ ಶೇಂಗಾ ಹಾಕಿ ತಿಕ್ಕುವುದು, ಸಿಪ್ಪೆ ಬಿಡಿಸುವುದು, ಆಮೇಲೆ ಉಫ್ ಅಂತ ಊದುವುದು. ನನ್ನ ಮಗಳಿಗೆ ಊದುವ ಕೆಲಸ ಎಷ್ಟು ಇಷ್ಟವಾಯಿತು ಅಂದರೆ, ಅಡುಗೆಮನೆಯಿಂದ ನಡುಮನೆಯವರೆಗೂ ಕೆಂಪು ಸಿಪ್ಪೆ ಹಾರಿತ್ತು. ಫ್ಯಾನ್ ಮೇಲೂ ಇತ್ತು, ಹೇಗೆ ಹೋಯಿತೋ! ಅಂಗಳ ಇದ್ದವರು ಈ ಕೆಲಸ ಅಂಗಳದಲ್ಲೇ ಮಾಡಿ. ಒಂದು ಎಚ್ಚರ: ತೀರಾ ಚಿಕ್ಕ ಮಕ್ಕಳು ಕಾಳು ಬಾಯಿಗೆ ಹಾಕಿಕೊಂಡು ಓಡಾಡದಂತೆ ನೋಡಿಕೊಳ್ಳಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಮಿಕ್ಸಿಯನ್ನು ಒಂದೇ ಸಮನೆ ಓಡಿಸಬೇಡಿ. ಬಿಸಿಯಾಗಿ ಶೇಂಗಾ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಒಂದು ಸುತ್ತು, ನಿಲ್ಲಿಸಿ, ಮತ್ತೊಂದು ಸುತ್ತು. ಮೊದಲು ಮೆಣಸಿನಕಾಯಿ, ಜೀರಿಗೆ, ಉಪ್ಪು. ಶೇಂಗಾ ಕೊನೆಗೆ. ಹುಣಸೆಹಣ್ಣನ್ನು ಬಿಸಿ ಬಾಣಲೆಯಲ್ಲಿ ಸ್ವಲ್ಪ ಹೊತ್ತು ಆಡಿಸಿ ಒಣಗಿಸಿಕೊಳ್ಳಿ. ಪುಡಿ ಬೂಷ್ಟು ಹಿಡಿಯುವುದು ಬಹುಪಾಲು ಇಂಥ ಹಸಿಯಿಂದಲೇ. ಒಣಕೊಬ್ಬರಿ ಹಾಕಿದರೆ ರುಚಿ ಹೆಚ್ಚುತ್ತದೆ ನಿಜ, ಆದರೆ ಬೇಗ ಕಮಟು ವಾಸನೆ ಬರುತ್ತದೆ. ಕೊಡುವುದಕ್ಕೆ ಮಾಡುವಾಗ ನಾನು ಹಾಕಲ್ಲ. ಬೆಳ್ಳುಳ್ಳಿಯೂ ಬೇಡ. ತಿನ್ನದ ಮನೆಗಳಿವೆ, ಅದೂ ಅಲ್ಲದೆ ಅದರಲ್ಲಿ ನೀರಿನಂಶ ಇರುತ್ತದೆ. ಬೆಳ್ಳುಳ್ಳಿ ಇಲ್ಲದ ಶೇಂಗಾ ಪುಡಿ ಪುಡಿಯೇ ಅಲ್ಲ ಅನ್ನೋದು ನಮ್ಮತ್ತೆಯ ವಾದ. ಮನೆಗೆ ಮಾಡುವಾಗ ಅವರು ಹೇಳಿದ ಹಾಗೆ, ಮಿಸ್‌ಗೆ ಮಾಡುವಾಗ ನಾನು ಹೇಳಿದ ಹಾಗೆ. ಹೀಗೆ ಮಾಡಿದ ಪುಡಿ ಒಣ ಚಮಚ ಬಳಸಿದರೆ ಒಂದು ತಿಂಗಳು ಏನೂ ಆಗಲ್ಲ.

ಶೇಂಗಾ ಕೆಲವರ ಮೈಗೆ ಆಗುವುದಿಲ್ಲ. ಮೊದಲೇ ವಿಚಾರಿಸಿಕೊಳ್ಳಿ. ಆಗದಿದ್ದರೆ ಗುರೆಳ್ಳು ಅಥವಾ ಅಗಸೆ ಪುಡಿ ಮಾಡಿ. ಮಿಕ್ಸಿಯನ್ನು ಚೆನ್ನಾಗಿ ತೊಳೆದುಕೊಂಡೇ ಮಾಡಿ. ಗುರೆಳ್ಳನ್ನು ಆರಿಸಿ, ತೊಳೆದು, ಒಣಗಿಸುವಷ್ಟು ಪುರುಸೊತ್ತು ಇರಬೇಕು. ಮಣ್ಣು ಉಳಿದರೆ ಮೊದಲ ತುತ್ತಿಗೇ ಹಲ್ಲಿಗೆ ಸಿಗುತ್ತದೆ.

ಕೊಡೋದು ಗಾಜಿನ ಬಾಟಲಿಯಲ್ಲಿ. ಜಾಮ್, ಕಾಫಿ ಪುಡಿಯ ಹಳೇ ಬಾಟಲಿಗಳೇ ಸಾಕು. ತೊಳೆದು, ಬಿಸಿಲಿಗೆ ಇಟ್ಟು, ಮುಚ್ಚಳದ ಒಳಗೂ ಮೂಸಿ ನೋಡಿ. ಉಪ್ಪಿನಕಾಯಿ ವಾಸನೆ ಇದ್ದರೆ ಬೇರೆ ಬಾಟಲಿ ಹುಡುಕಿ. ಸ್ಟೀಲ್ ಡಬ್ಬಿಯಲ್ಲಂತೂ ಕೊಡಲೇಬೇಡಿ. ನಮ್ಮಲ್ಲಿ ಯಾರೂ ಖಾಲಿ ಡಬ್ಬಿ ವಾಪಸ್ ಕೊಡಲ್ಲ. ಪಾಪ, ಆ ಮಿಸ್ ಇಪ್ಪತ್ತು ಮನೆಯ ಡಬ್ಬಿಗೆ ಏನು ತುಂಬಿಸಬೇಕು?

ಉಂಡೆ

ಎಲ್ಲರಿಗೂ ಮೊದಲು ಹೊಳೆಯೋದು ಇದೇ. ಅದೇ ಇದರ ತೊಂದರೆ. ಒಂಬತ್ತು ಡಬ್ಬಿಯ ಕಥೆ ಹೇಳಿದೆನಲ್ಲ. ಆದರೂ ಉಂಡೆ ಕಟ್ಟುವುದರಲ್ಲಿ ಮಗುವಿಗೆ ಸಿಗುವ ಖುಷಿ ಬೇರೆ ಯಾವುದರಲ್ಲೂ ಇಲ್ಲ. ಮಣ್ಣಿನ ಆಟದ ಹಾಗೆ, ಆದರೆ ಯಾರೂ ಬಯ್ಯಲ್ಲ.

ಯಾವ ಉಂಡೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ನನ್ನ ಮಗ ಯುಕೆಜಿಯಲ್ಲಿದ್ದಾಗ ಹಾಲು ಚಿಮುಕಿಸಿ ರವೆ ಉಂಡೆ ಕಟ್ಟಿದ್ದೆ, ಹಸಿ ತೆಂಗಿನತುರಿ ಬೇರೆ. ನಡುವೆ ಗಣೇಶನ ಹಬ್ಬದ ರಜೆ ಬಂತು, ಶಾಲೆಯವರು ಕಾರ್ಯಕ್ರಮ ಮುಂದಕ್ಕೆ ಹಾಕಿದರು. ನಾಲ್ಕನೇ ದಿನ ಡಬ್ಬಿ ತೆರೆದರೆ ಹುಳಿ ವಾಸನೆ. ಕಳಿಸುವ ಮೊದಲು ತೆರೆದು ನೋಡಿದ್ದು ಪುಣ್ಯ. ಹಾಲು, ಹಸಿ ಕಾಯಿ ಬಿದ್ದ ಉಂಡೆ ಎರಡು ದಿನದ್ದು ಅಂತಲೇ ಇಟ್ಟುಕೊಳ್ಳಿ.

ಬೇಸನ್ ಉಂಡೆಗೆ ಆ ಭಯವಿಲ್ಲ. ತುಪ್ಪದಲ್ಲಿ ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಕೈ ಬಿಡದೆ ಹುರಿಯಬೇಕು. ಹಸಿ ವಾಸನೆ ಹೋಗಿ ಘಮ ಬಂದ ಮೇಲೆ ಇಳಿಸಿ, ಉಗುರುಬೆಚ್ಚಗೆ ಆದಾಗ ಸಕ್ಕರೆ ಪುಡಿ ಬೆರೆಸಿ. ಬಿಸಿ ಇರುವಾಗಲೇ ಹಾಕಿದರೆ ಸಕ್ಕರೆ ಕರಗಿ ಹಿಟ್ಟು ಸಡಿಲವಾಗುತ್ತದೆ. ಹತ್ತು ದಿನ ಚೆನ್ನಾಗಿರುತ್ತದೆ. ಆದರೆ ಮಾರ್ಚ್ ಕೊನೆಯಲ್ಲಿ, ಶಾಲೆ ಮುಗಿಯುವ ದಿನ ಕೊಡೋಣ ಅಂತ ಮಾಡಬೇಡಿ. ದಾವಣಗೆರೆಯ ಆ ಬಿಸಿಲಿಗೆ ತುಪ್ಪ ಬಿಟ್ಟುಕೊಂಡು, ಗುಂಡಗಿದ್ದ ಉಂಡೆ ಮಧ್ಯಾಹ್ನದ ಹೊತ್ತಿಗೆ ವಡೆಯಾಗಿರುತ್ತದೆ. ಬೇಸಿಗೆಗೆ ಬೆಲ್ಲದ ಪಾಕದ ಶೇಂಗಾ ಉಂಡೆಯೇ ಗಟ್ಟಿ. ಆದರೆ ಅದನ್ನು ಕಟ್ಟೋದು ಪಾಕ ಬಿಸಿ ಇರುವಾಗಲೇ, ಮಗುವಿನ ಕೈಗೆ ಕೊಡುವ ಹಾಗಿಲ್ಲ. ಹಾಗಾಗಿ ನನ್ನ ಲೆಕ್ಕದಲ್ಲಿ ಅದು ಅಮ್ಮನ ಉಡುಗೊರೆ, ಮಗುವಿನದಲ್ಲ.

ಕೇಕ್ ಬಗ್ಗೆ ಒಂದೇ ಮಾತು: ಮೊಟ್ಟೆ ಹಾಕಿದ್ದೋ ಇಲ್ಲವೋ ಅನ್ನೋದನ್ನು ಚೀಟಿಯಲ್ಲಿ ಬರೆದು ಅಂಟಿಸದೆ ಕಳಿಸಬೇಡಿ.

ಮಂಡಕ್ಕಿ? ನಮ್ಮ ಊರಿನ ಹೆಮ್ಮೆ, ಒಪ್ಪಿದೆ. ನಾನೂ ಒಮ್ಮೆ ಒಗ್ಗರಣೆ ಹಾಕಿ, ಹುರಿಗಡಲೆ ಬೆರೆಸಿ, ಚಂದದ ಕವರಿಗೆ ತುಂಬಿ, ರಿಬ್ಬನ್ ಕಟ್ಟಿ ಕಳಿಸಿದೆ. ಸೆಪ್ಟೆಂಬರಿನ ತೇವದ ಗಾಳಿ. ಸಂಜೆ ಮನೆಗೆ ಹೋಗಿ ಬಿಚ್ಚುವ ಹೊತ್ತಿಗೆ ಅದು ಹೇಗಿದ್ದಿರಬಹುದು ಅಂತ ಮನೆಯಲ್ಲಿ ಉಳಿದಿದ್ದನ್ನು ತಿಂದಾಗ ಗೊತ್ತಾಯಿತು. ಮಂಡಕ್ಕಿ ಮಿರ್ಚಿ ಜೊತೆ, ಕೂತಲ್ಲೇ ತಿನ್ನುವ ತಿಂಡಿ. ಉಡುಗೊರೆಗೆ ಅಲ್ಲ.

ಬಟ್ಟೆ ಚೀಲ

ಇಡುವಂಥದ್ದು, ಬಳಸುವಂಥದ್ದು ಏನಾದರೂ ಕೊಡಬೇಕು ಅಂದರೆ ಇದು. ಮಿಸ್ ಆದವರು ತಿದ್ದುವ ನೋಟ್‌ಬುಕ್ ಹೊತ್ತುಕೊಂಡು ಮನೆಗೆ ಹೋಗುತ್ತಲೇ ಇರುತ್ತಾರೆ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರಿನಲ್ಲಿ ಮಿಸ್‌ಗೆ ಒಂದು ಹತ್ತಿ ಚೀಲ ಕೊಡದಿದ್ದರೆ ಹೇಗೆ?

ಒಂದು ಮೀಟರ್ ದಪ್ಪ ಕೋರಾ ಬಟ್ಟೆಯಲ್ಲಿ ಎರಡು ಚೀಲ ಆರಾಮಾಗಿ ಆಗುತ್ತವೆ. ಅಗಲ 15 ಇಂಚು, ಉದ್ದ 16 ಇಂಚು ಇರಲಿ, ಲಾಂಗ್ ನೋಟ್‌ಬುಕ್ ಸಲೀಸಾಗಿ ಇಳಿಯುತ್ತದೆ. ಹೊಲಿಗೆ ಬಾರದಿದ್ದರೆ ಬೀದಿಯ ಟೈಲರ್ ಹತ್ತಿರ ಕೊಡಿ. ಹಿಡಿಕೆ ಹತ್ತಿರ ಮಾತ್ರ ಚೌಕಾಕಾರದಲ್ಲಿ ಎರಡು ಸಲ ಹೊಲಿಯಲು ಹೇಳಿ. ಭಾರ ಬೀಳೋದೆಲ್ಲ ಅಲ್ಲೇ.

ಹೊಲಿಯುವ ಮೊದಲು ಬಟ್ಟೆಯನ್ನು ಒಮ್ಮೆ ಒಗೆಯಬೇಕು. ಹೊಸ ಬಟ್ಟೆಯ ಗಂಜಿ ಹೋಗದಿದ್ದರೆ ಬಣ್ಣ ಹಿಡಿಯುವುದಿಲ್ಲ, ಮೇಲಾಗಿ ಬಟ್ಟೆ ಆಮೇಲೆ ಕುಗ್ಗುತ್ತದೆ. ಇದು ನನಗೆ ಗೊತ್ತಿರಲಿಲ್ಲ. ನನ್ನ ಮೊದಲ ಚೀಲದ ಮೇಲಿನ ಕೈಗುರುತು ಎರಡು ಒಗೆತಕ್ಕೆ ಪೊರೆ ಬಿಟ್ಟಂತೆ ಎದ್ದು ಬಂತು.

ಮಗುವಿನ ಕೈಗೆ ಬಣ್ಣ ಹಚ್ಚುವಾಗ ಟ್ಯೂಬಿನಿಂದ ನೇರ ಹಿಂಡಬೇಡಿ. ಪಾತ್ರೆ ತೊಳೆಯುವ ಸ್ಪಂಜಿನ ಒಂದು ತುಂಡಿಗೆ ಬಟ್ಟೆ ಬಣ್ಣ ಹಚ್ಚಿ, ಅದರಿಂದ ಅಂಗೈಗೆ ತೆಳುವಾಗಿ ಒತ್ತಿ. ಮೊದಲ ಗುರುತು ಹಳೇ ಪೇಪರಿನ ಮೇಲೆ. ಎರಡನೆಯದು ಚೀಲದ ಮೇಲೆ. ಬಣ್ಣ ಹಿಂದಕ್ಕೆ ಇಳಿಯದ ಹಾಗೆ ಚೀಲದೊಳಗೆ ಒಂದು ರಟ್ಟು ಇಟ್ಟಿರಿ. ಕೈ ಒತ್ತಿದ ಮೇಲೆ ಬೆರಳುಗಳನ್ನು ಒಂದೊಂದಾಗಿ ನೀವು ಅದುಮಿ, ಆಮೇಲೆ ಮಗುವಿನ ಮಣಿಕಟ್ಟು ಹಿಡಿದು ಸೀದಾ ಮೇಲಕ್ಕೆತ್ತಿ. ಮಗು ತಾನೇ ಎತ್ತಿದರೆ ಎಳೆದುಬಿಡುತ್ತದೆ. ನನ್ನ ಮಗಳು ಹಾಗೆ ಎಳೆದು ಕಿರುಬೆರಳಿಗೆ ಒಂದು ಬಾಲ ಬಂತು. ಅಳಿಸಲು ಹೋಗಲಿಲ್ಲ. ಅದಕ್ಕೆ ಎರಡು ಕಣ್ಣು ಇಟ್ಟು ನವಿಲು ಅಂದಳು. ನವಿಲಿಗೆ ಒಂದೇ ಕಡೆ ಎರಡು ಕಣ್ಣು. ಇರಲಿ. ಒಂದು ದಿನ ಪೂರ್ತಿ ಒಣಗಲು ಬಿಟ್ಟು, ಮರುದಿನ ಚೀಲ ತಿರುಗಿಸಿ ಹಿಂದಿನಿಂದ ಇಸ್ತ್ರಿ ಮಾಡಿದರೆ ಬಣ್ಣ ಕೂರುತ್ತದೆ.

ಪುಡಿಗೂ ಚೀಲಕ್ಕೂ ಹೋಲಿಸಿದರೆ ಚೀಲಕ್ಕೆ ಖರ್ಚು ಜಾಸ್ತಿ, ದಿನ ಜಾಸ್ತಿ. ಬಟ್ಟೆ, ಒಗೆತ, ಹೊಲಿಗೆ, ಬಣ್ಣ ಸೇರಿ ಒಂದು ವಾರ ಇಟ್ಟುಕೊಳ್ಳಿ. ಐದಾರು ಜನಕ್ಕೆ ಆಗುವ ಮಾತಲ್ಲ. ನಾನು ಕ್ಲಾಸ್ ಮಿಸ್‌ಗೆ ಮಾತ್ರ ಚೀಲ, ಉಳಿದವರಿಗೆಲ್ಲ ಪುಡಿ ಅಂತ ಇಟ್ಟುಕೊಂಡಿದ್ದೇನೆ. ಪುಡಿ ಮಾಡೋದು ಒಂದು ಮಧ್ಯಾಹ್ನದ ಕೆಲಸ.

ಗಿಡ

ದೊಡ್ಡಪತ್ರೆಯ ಒಂದು ಕಡ್ಡಿ ಮುರಿದು ನೆಟ್ಟರೆ ಎರಡು ಮೂರು ವಾರದಲ್ಲಿ ಬೇರು ಬಿಡುತ್ತದೆ. ಕಾಸು ಖರ್ಚಿಲ್ಲ. ಮಣ್ಣು ಒಣಗಿದಾಗ ಸ್ವಲ್ಪ ನೀರು ಹಾಕುವ ಕೆಲಸ ಮಗುವಿನದ್ದು. ಆ ಮೂರು ವಾರ ಅದು ಮಿಸ್ ಗಿಡ ಅಂತಲೇ ಕರೆಯುತ್ತಾ ಇರುತ್ತದೆ, ಅದು ಚೆಂದ. ನೀರು ಜಾಸ್ತಿ ಹಾಕಿದರೆ ಕೊಳೆಯುತ್ತದೆ, ಅದನ್ನು ಮಾತ್ರ ನೋಡಿಕೊಳ್ಳಿ. ತುಳಸಿ ಕೊಡೋಣ ಅನ್ನಿಸುತ್ತದೆ, ಆದರೆ ತುಳಸಿಗೆ ಮಡಿ, ಪೂಜೆ ಎಲ್ಲ ಉಂಟು. ಎಲ್ಲರ ಮನೆಗೂ ಹೊಂದಲ್ಲ. ದೊಡ್ಡಪತ್ರೆ ಯಾವ ಮನೆಗಾದರೂ ಸೈ. ಕೆಮ್ಮಿಗೂ ಆಯಿತು, ತಂಬುಳಿಗೂ ಆಯಿತು.

ಗಿಡಕ್ಕೆ ಸೆಪ್ಟೆಂಬರ್ ಒಳ್ಳೆಯದು. ಬೇಸಿಗೆ ರಜೆಯ ಮುಂಚೆ ಬೇಡ. ಮಿಸ್ ಊರಿಗೆ ಹೋಗುತ್ತಾರೆ, ಗಿಡ ಒಣಗುತ್ತದೆ, ಜೂನ್‌ನಲ್ಲಿ ಮಗು ಕೇಳುತ್ತದೆ. ಆಗ ಆ ಮಿಸ್ ಏನು ಹೇಳಬೇಕು? ಇನ್ನೊಂದು ತೊಂದರೆ, ಶಾಲೆಯ ವ್ಯಾನಿನಲ್ಲಿ ಕುಂಡ ಹೊತ್ತುಕೊಂಡು ಹೋಗೋದು. ನೀವೇ ಬಿಡಲು ಹೋಗುವುದಾದರೆ ಮಾತ್ರ ಗಿಡ ಆರಿಸಿ.

ಪೆನ್ ಸ್ಟ್ಯಾಂಡ್, ಮಣಿಯ ತೋರಣ, ಥರ್ಮಾಕೋಲ್ ಗೊಂಬೆ ಇವುಗಳ ಬಗ್ಗೆ ಬರೆಯೋದಿಲ್ಲ. ನಾದಿನಿಯ ಮಂಚ ನೋಡಿದ ಮೇಲೆ ಬರೆಯಲು ಮನಸ್ಸು ಬರಲ್ಲ.

ಜೊತೆಗೊಂದು ಕಾಗದ

ಮೇಲಿನ ಯಾವುದನ್ನು ಆರಿಸಿದರೂ ಇದು ಇರಲೇಬೇಕು. ಏನೂ ಮಾಡಲು ಆಗದಿದ್ದರೆ ಇದೊಂದೇ ಸಾಕು. ಅವತ್ತು ಪಾಕ ಅಂಟಿದ ರಾಶಿಯಲ್ಲಿ ನಾದಿನಿ ಒಂದೇ ಒಂದು ಕಾಗದವನ್ನು ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಪರ್ಸಿಗೆ ಹಾಕಿಕೊಂಡಳು. ಅದರಲ್ಲಿ ಒಬ್ಬ ಹುಡುಗನ ಮಾತನ್ನು ಅವನಮ್ಮ ಇದ್ದ ಹಾಗೇ ಬರೆದಿದ್ದರು: "ಮಿಸ್ಸು ನನ್ ಡಬ್ಬಿ ಮುಚ್ಚಳ ತೆಗ್ದು ಕೊಡ್ತಾರೆ. ಬಯ್ಯಲ್ಲ."

ಗುರುವೇ ದೇವರು, ನಿಮ್ಮ ಋಣ ತೀರಿಸಲಾಗದು ಅಂತೆಲ್ಲ ನೀವು ಬರೆಯಬೇಡಿ. ಮಗುವನ್ನು ಕೂರಿಸಿಕೊಂಡು 'ಮಿಸ್ ನಿಂಗೆ ಏನೇನು ಮಾಡ್ತಾರೆ?' ಅಂತ ಕೇಳಿ. ಉತ್ತರ ತಪ್ಪಿದ್ದರೂ ತಿದ್ದಬೇಡಿ. 'ಮಿಸ್ ಯಾಕಿಷ್ಟ?' ಅಂತ ಕೇಳಿದರೆ ಮಕ್ಕಳು ಸುಮ್ನೆ ಕೂರುತ್ತವೆ. 'ಏನು ಮಾಡ್ತಾರೆ' ಅಂದರೆ ಬಾಯಿ ಬಿಡುತ್ತವೆ. ಕೆಳಗೆ ಮಗು ತನ್ನ ಹೆಸರು ಬರೆಯಲಿ, ಅಕ್ಷರ ತಿರುಗುಮುರುಗು ಆದರೂ ಸರಿ. ನೀವು ಸಣ್ಣದಾಗಿ ಸೆಕ್ಷನ್, ತಾರೀಕು ಬರೆಯಿರಿ. ಒಂದೇ ಕ್ಲಾಸಿನಲ್ಲಿ ಮೂರು ಜನ ಒಂದೇ ಹೆಸರಿನವರು ಇರುತ್ತಾರೆ.

ಎಷ್ಟು ಬಾಟಲಿ?

ಹೋದ ವರ್ಷ ಆಗಸ್ಟ್ ಕೊನೆಯ ಭಾನುವಾರ ಪುಡಿ ಮಾಡಿ ನಾಲ್ಕು ಬಾಟಲಿ ಸಾಲಾಗಿ ಇಟ್ಟಿದ್ದೆ. ಕನ್ನಡ ಮಿಸ್, ಇಂಗ್ಲಿಷ್ ಮಿಸ್, ಡ್ಯಾನ್ಸ್ ಮಿಸ್, ಹೆಡ್ ಮಿಸ್. ಕ್ಲಾಸ್ ಮಿಸ್‌ಗೆ ನವಿಲಿನ ಚೀಲ. ಮಗಳು ಬಾಟಲಿಗಳ ಮೇಲೆ ಬೆರಳಿಟ್ಟು ಎಣಿಸಿದಳು. ಎರಡು ಸಲ ಎಣಿಸಿದಳು.

"ಆಯಮ್ಮಂದು ಎಲ್ಲಿ?"

ನನಗೆ ಮಾತು ಬರಲಿಲ್ಲ. ಅವಳ ಮೂಗು ಒರೆಸೋದು, ಬಾತ್‌ರೂಮಿಗೆ ಕರೆದುಕೊಂಡು ಹೋಗೋದು, ಬಟ್ಟೆ ಒದ್ದೆಯಾದರೆ ಬದಲಿಸೋದು ಎಲ್ಲ ಆ ಆಯಮ್ಮನೇ. ಹೆಡ್ ಮಿಸ್ ಮುಖವನ್ನು ಅವಳು ವಾರಕ್ಕೊಮ್ಮೆ ಪ್ರಾರ್ಥನೆಯಲ್ಲಿ ನೋಡುತ್ತಾಳೆ ಅಷ್ಟೇ. ಶೇಂಗಾ ಮುಗಿದಿತ್ತು. ಅವರಿಗೊಂದು ಚಿಕ್ಕ ಬಾಟಲಿ ಮಾಡಿದರಾಯಿತು ಅಂತ ನಾಲ್ಕರಲ್ಲೂ ಸ್ವಲ್ಪ ಸ್ವಲ್ಪ ತೆಗೆಯಲು ಹೋದೆ. ಮಗಳು ಬಿಡಲಿಲ್ಲ, ದೊಡ್ಡದೇ ಬೇಕು. ಸಂಜೆ ಅಂಗಡಿಗೆ ಹೋಗಿ ಮತ್ತೆ ಕಾಲು ಕೆಜಿ ತಂದೆವು.

ಹಾಗಾಗಿ ಎಣಿಸುವಾಗ ಆಯಮ್ಮ, ವ್ಯಾನ್ ಅಂಕಲ್, ಅಂಗನವಾಡಿಯಾದರೆ ಸಹಾಯಕಿ, ಇವರನ್ನು ಮೊದಲೇ ಸೇರಿಸಿಕೊಳ್ಳಿ. ಬಾಟಲಿ ಎಲ್ಲರಿಗೂ ಒಂದೇ ಅಳತೆಯದ್ದು ಇರಲಿ. ಇಬ್ಬರು ಬಾಟಲಿ ಪಕ್ಕಪಕ್ಕ ಇಟ್ಟರೆ ಎದ್ದು ಕಾಣುತ್ತದೆ.

ದೀಪಾವಳಿ ರಜೆ ಕಳೆದು ಶಾಲೆ ಶುರುವಾದ ದಿನ ಮಗಳ ಬ್ಯಾಗು ಭಾರವಿತ್ತು. ತೆಗೆದು ನೋಡಿದರೆ ಅದೇ ಬಾಟಲಿ, ಹೊಳೆಯುವ ಹಾಗೆ ತೊಳೆದು ಒರೆಸಿದ್ದು. ಬಾಟಲಿಯಲ್ಲಿ ಕೊಟ್ಟರೆ ಯಾರೂ ವಾಪಸ್ ಕೊಡಲ್ಲ ಅಂತ ನಾನು ಅಂದುಕೊಂಡಿದ್ದೆ. ಆಯಮ್ಮನ ಊರು ಜಗಳೂರು ಕಡೆ. ಬಾಟಲಿ ತುಂಬ ಅವರ ಹೊಲದ ಹೊಸ ಶೇಂಗಾ ಇತ್ತು, ಸುಲಿದು ಆರಿಸಿದ ಕೆಂಪು ಬೀಜ.

ಮರುದಿನ ಗೇಟಿನ ಹತ್ತಿರ ಸಿಕ್ಕಾಗ ಅಂದರು, "ಪುಡಿ ಚೆನ್ನಾಗಿತ್ತು ಕಣಮ್ಮ. ಮುಂದಿನ್ ಸಲ ಒಂದೀಟು ಬೆಳ್ಳುಳ್ಳಿ ಹಾಕ್ರಿ."

ಮನೆಗೆ ಬಂದು ಇದನ್ನು ಅತ್ತೆಗೆ ಹೇಳಿದ್ದು ನನ್ನದೇ ತಪ್ಪು.